ಎರಡು ಡಬ್ಬಿಯ ಹೊಳಪು

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಕನ್ನಡಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ಬಣ್ಣ ಹೊಡೆದ ಕಾರಿನ ಬಾಗಿಲು ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಆ ಹೊಳಪು ಬರುತ್ತಿದ್ದದ್ದು ಎರಡು ಡಬ್ಬಿಯ ಕ್ಲಿಯರಿನಿಂದ. ಒಂದರಲ್ಲಿ ಬಣ್ಣವಿಲ್ಲದ ಲೇಪ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ಹಾರ್ಡನರ್. ಬೆರೆಸಿ ಹೊಡೆದರೆ ಮರುದಿನಕ್ಕೆ ಕಲ್ಲು. ಅದರ ಹಬೆ ಮಾತ್ರ ಎದೆಗೆ ವಿಷ. ಮಾಸ್ಕಿನ ಫಿಲ್ಟರ್ ಸವೆದಿದೆ ಎಂದಾಗಲೆಲ್ಲ ಮಾಲೀಕ, "ಮುಂದಿನ ವಾರ ತರಿಸೋಣ" ಎನ್ನುತ್ತಿದ್ದ. ಆ ವಾರ ಬರಲೇ ಇಲ್ಲ, ದಮ್ಮು ಬಂತು. ಮೆಟ್ಟಿಲು ಹತ್ತುವಾಗ ನಡುವೆ ಕೂರುವಂತಾದ ಮೇಲೆ ಮಾಲೀಕ ಹೆಗಲ ಮೇಲೆ ಕೈಯಿಟ್ಟು, "ಇನ್ನು ಮನೇಲಿ ಆರಾಮಾಗಿರು" ಎಂದು ಕಳಿಸಿಬಿಟ್ಟ.

ಆರಾಮವೆಂದರೆ ಹೆಂಡತಿ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುವುದು. ಅದನ್ನೂ ಅವನು ಅಚ್ಚುಕಟ್ಟಾಗಿಯೇ ಮಾಡುತ್ತಿದ್ದ, ಆದರೆ ತಲೆ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ತಮ್ಮ ಬಂದ. ಹೋಟೆಲುಗಳಲ್ಲಿ, ಪಾರ್ಟಿಗಳಲ್ಲಿ ಗಿಟಾರ್ ನುಡಿಸಿ ಹೊಟ್ಟೆ ಹೊರೆಯುವವನು. ತನ್ನ ಎಲೆಕ್ಟ್ರಿಕ್ ಗಿಟಾರನ್ನು ಹಾಸಿಗೆಯ ಮೇಲೆ ಮಲಗಿಸಿದ. ಅಂಚಿನ ಬಣ್ಣವೆಲ್ಲ ಚಕ್ಕೆ ಎದ್ದಿತ್ತು.

"ಇದಕ್ಕೆ ಕೆಂಪು ಹೊಡ್ಕೊಡಣ್ಣ. ಕಾರಿಗೆ ಕೊಡ್ತಿದ್ದೆಯಲ್ಲ, ಅದೇ ಹೊಳಪು ಬೇಕು. ನಿನ್ನ ಕೈಯಲ್ಲೇ ಆಗ್ಬೇಕು."

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಆ ಎರಡು ಡಬ್ಬಿ ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಹೊಸ್ತಿಲು ದಾಟಿ ಹೊರಗೆ ಹೋಗ್ತೀನಿ. ನೋಡ್ಕೊಳ್ಳಿ."

"ಬೇರೆ ದಾರಿ ಇದೆ ಕಣೇ," ಎಂದ ಅವನು. ಎಷ್ಟೋ ತಿಂಗಳ ಮೇಲೆ ಆ ದನಿಯಲ್ಲಿ ಜೀವವಿತ್ತು. ಅದನ್ನು ಕೇಳಿ ಅವಳು ಮತ್ತೆ ಯಂತ್ರ ತುಳಿಯತೊಡಗಿದಳು. ಮಾರನೆಯ ದಿನ ತಾನೇ ಹೋಗಿ ಹೊಸ ಫಿಲ್ಟರಿನ ಮಾಸ್ಕು ತಂದಿಟ್ಟಳು.

ಅವನು ಬಣ್ಣದಂಗಡಿಯಿಂದ ಮೂರು ಕೆಂಪು ತಂದು ಹಳೇ ಹಲಗೆಯ ಮೇಲೆ ಹೊಡೆದು ಬಿಸಿಲಿಗಿಟ್ಟ. ಒಂದು ಒಣಗಿ ಇಟ್ಟಿಗೆ ಬಣ್ಣವಾಯಿತು, ಒಂದು ಗುಲಾಬಿಗೆ ತಿರುಗಿತು. ಮೂರನೆಯದು ದಾಳಿಂಬೆ ಕಾಳಿನಂತೆ ಒಳಗಿನ ಮರದ ಗೆರೆಗಳನ್ನು ತೋರುತ್ತ ನಿಂತಿತು. ಅದನ್ನೇ ಆರಿಸಿದ. ಆರಿಸಿದ ತಪ್ಪಿಗೆ ಹಳೇ ಬಣ್ಣವನ್ನೆಲ್ಲ ಕೆರೆದು ಬರೀ ಮರಕ್ಕಿಳಿಸಬೇಕಾಯಿತು. ಮೇಲಿನ ಲೇಪಕ್ಕೆ ಒಂದೇ ಡಬ್ಬಿಯ ಲ್ಯಾಕರ್ ಸಾಕೆಂದ. ಅದಕ್ಕೂ ಘಾಟಿದೆ, ಆದರೆ ಹಾರ್ಡನರಿನ ವಿಷವಿಲ್ಲ. ತೆಳ್ಳಗೆ ಕೂರುತ್ತದೆ, ಗೀರು ಬಿದ್ದರೆ ಮತ್ತೆ ಹೊಡೆದು ಮುಚ್ಚಬಹುದು. ಒಳಗಿನಿಂದ ಒಣಗುವುದು ಮಾತ್ರ ತಡ.

"ತಿಂಗಳು ಮುಟ್ಟಬೇಡ," ಎಂದು ತಮ್ಮನಿಗೆ ಹೇಳಿದ. "ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಹಸಿ. ಅದರಲ್ಲೂ ರಬ್ಬರ್ ತಾಗಿಸ್ಬೇಡ. ಕಚ್ಚಿಕೊಂಡುಬಿಡುತ್ತೆ."

"ಆಯ್ತು ಬಿಡಣ್ಣ."

ಬೆಳಗಿನ ಹೊತ್ತು ತಾರಸಿಯ ಮೇಲೆ, ಗಾಳಿಗೆ ಬೆನ್ನುಕೊಟ್ಟು ತೆಳುವಾಗಿ ಹೊಡೆಯುತ್ತಿದ್ದ. ಒಂದು ಸುತ್ತು ಹೊಡೆದು ಕೂತು ಉಸಿರು ಹಿಡಿದು ಮತ್ತೆ ಏಳುತ್ತಿದ್ದ. ಪಕ್ಕದ ಮನೆಯಾಕೆ ಬಟ್ಟೆ ಹರವುವುದನ್ನು ಬಿಟ್ಟು ನೋಡುತ್ತಿದ್ದಳು. ಮುಗಿದ ಮೇಲೆ ಕಿಟಕಿಯ ಸರಳಿಗೆ ತಂತಿ ಕಟ್ಟಿ ತೂಗುಹಾಕಿದ. ಊಟಕ್ಕೆ ಕೂತರೂ ಕಣ್ಣು ಅತ್ತಲೇ. "ನನ್ನನ್ನ ಹೀಗೆ ಯಾವತ್ತಾದ್ರೂ ನೋಡಿದ್ರಾ?" ಎಂದು ಹೆಂಡತಿ ನಕ್ಕಳು. ಅವನೂ ನಕ್ಕ.

ಅವನು ಆಸ್ಪತ್ರೆಗೆ ಹೋಗಿದ್ದ ದಿನ ತಮ್ಮ ಬಂದು, "ಕಾರ್ಯಕ್ರಮ ಇದೆ ಅತ್ತಿಗೆ, ನಾಳೆ ತಂದುಬಿಡ್ತೀನಿ" ಎಂದು ಗಿಟಾರ್ ಒಯ್ದ. ಆಗಿನ್ನೂ ಎರಡು ವಾರವೂ ಆಗಿರಲಿಲ್ಲ. ತಂದಾಗ ಬೆನ್ನಿನಲ್ಲಿ ಸ್ಟ್ಯಾಂಡಿನ ರಬ್ಬರ್ ಕಚ್ಚಿದ ಎರಡು ಕಪ್ಪು ಗುಳಿಗಳು. ಮುಂದೆ, ಮೊಳಕೈ ಊರುವ ಕಡೆ ಅಂಗಿಯ ನೇಯ್ಗೆ ಅಚ್ಚೊತ್ತಿತ್ತು.

"ಜೊತೆಯವರ ಮುಂದೆ ಮರ್ಯಾದೆ ಹೋಯ್ತು," ಎಂದ ತಮ್ಮ. "ಬೇಜಾರು ಮಾಡ್ಕೋಬೇಡ ಅಣ್ಣ, ನಿನ್ನ ಕೈಯ ಹದ ಹೋಯ್ತು."

"ತಿಂಗಳು ಅಂದಿದ್ದೆ."

"ಅಷ್ಟು ದಿನ ಯಾರು ಕಾಯ್ತಾರೆ?"

"ಬಿಟ್ಟು ಹೋಗು. ಇದರ ಮೇಲೇ ಹೊಡೆದ್ರೆ ಕರಗಿ ಒಂದಾಗುತ್ತೆ, ಗುರುತೂ ಉಳಿಯಲ್ಲ."

ತಮ್ಮ ಬಿಟ್ಟು ಹೋಗಲಿಲ್ಲ.

ಮುಂದಿನ ಸಲ ಬಂದಾಗ ಗಿಟಾರ್ ಥಳಥಳ ಹೊಳೆಯುತ್ತಿತ್ತು. ದಾಳಿಂಬೆ ಹೋಗಿ, ಮರದ ಗೆರೆಯೂ ಕಾಣದ ಗಟ್ಟಿ ಕೆಂಪು ಕೂತಿತ್ತು. ಅವನು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ಧೂಳಿನ ಒಂದು ಚುಕ್ಕಿಯಿಲ್ಲ, ಎಲ್ಲೂ ಸೋರಿಲ್ಲ. ಎರಡು ಡಬ್ಬಿಯದೇ ಎಂದು ಕೇಳಬೇಕಾಗಿರಲಿಲ್ಲ.

"ಚೆನ್ನಾಗಿದೆ. ಯಾರು ಹೊಡೆದದ್ದು?"

"ನಿಮ್ಮ ಗ್ಯಾರೇಜಲ್ಲೇ. ನಿನ್ನ ಜಾಗಕ್ಕೆ ಬಂದಿದಾನಲ್ಲ, ಅವನು. ಮಾಲೀಕರು ನಿನ್ನನ್ನ ತುಂಬ ವಿಚಾರಿಸಿದ್ರು. ನಿನ್ನ ತಮ್ಮ ಅಂತ ದುಡ್ಡಲ್ಲೂ ಸ್ವಲ್ಪ ಬಿಟ್ರು."

ಅವನು ಗಿಟಾರನ್ನು ಮೆಲ್ಲಗೆ ತಮ್ಮನ ಕೈಗಿಟ್ಟ. ಹೆಂಡತಿ ಗಂಡನ ಮುಖ ನೋಡಿ, ಯಂತ್ರವನ್ನು ಬೇಕೆಂದೇ ಜೋರಾಗಿ ತುಳಿದಳು. ಆ ಸದ್ದಿನಲ್ಲಿ ತಮ್ಮನ ಮುಂದಿನ ಮಾತು ಕೇಳಿಸದೆ ಹೋಯಿತು. ತಮ್ಮ ಹೊರಟುಹೋದ.

ಅಂದಿನಿಂದ ಅಣ್ಣತಮ್ಮಂದಿರ ಹೋಗಿ ಬರುವುದು ನಿಂತಿತು. ಜಗಳವೇನೂ ಆಗಲಿಲ್ಲ, ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಬಹಳ ದಿನದ ಮೇಲೆ ಒಮ್ಮೆ ತಮ್ಮನ ಫೋನು ಬಂತು.

"ನಮ್ಮ ಬ್ಯಾಂಡಿನವನೊಬ್ಬ ಗಿಟಾರಿಗೆ ಕಪ್ಪು ಹೊಡೆಸ್ಬೇಕಂತೆ. ಯಾವ ಕ್ಲಿಯರ್ ಒಳ್ಳೇದು ಅಣ್ಣ?"

ಅವನ ತುಟಿಯ ನಡುವೆ ಸೂಜಿಯಿತ್ತು. ತೆಗೆದು ಬಟ್ಟೆಗೆ ಚುಚ್ಚಿದ.

"ಯಾವತ್ತಿಗೆ ಬೇಕಂತೆ?"

"ಈ ವಾರವೇ."

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯ?" ಎಂದು ಫೋನಿಟ್ಟ.

"ಯಾರು?" ಎಂದು ಕೇಳಿದಳು ಹೆಂಡತಿ.

"ಯಾರೋ, ಬಣ್ಣದ ವಿಷಯ," ಎಂದು ಅವನು ಮುಂದಿನ ಅಂಗಿ ಎತ್ತಿಕೊಂಡ.