ಜರಿಗಿಡದ ಕಂದು ಚುಕ್ಕಿಗಳು

ಮೊನ್ನೆ ಶಿವಮೊಗ್ಗದ ನಮ್ಮ ಮನೆಯ ಬಾಲ್ಕನಿಯಲ್ಲಿ ಮಗಳು ಜರಿಗಿಡದ ಎಲೆಯೊಂದನ್ನು ಮಗುಚಿ, "ಅಪ್ಪಾ, ಇದಕ್ಕೆ ಹುಳ ಹತ್ತಿದೆ!" ಎಂದು ಕೂಗಿದಳು. ಎಲೆಯ ಬೆನ್ನಿಗೆ ಸಾಲಾಗಿ ಕಂದು ಚುಕ್ಕಿಗಳು. ನನಗೆ ನಗು ಬಂತು. ಹಸಿ ಎಲೆಯ ಆ ವಾಸನೆಗೆ ಭದ್ರಾವತಿಯ ಪಕ್ಕದ ಮನೆ ಆಂಟಿ ನೆನಪಾದರು...

ಆಗ ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮನೆಗಳ ಹಿಂದೆಯೇ ಗುಡ್ಡ ಕಡಿದು ಬಿಟ್ಟ ಕಡಿದಾದ ಮಣ್ಣಿನ ಧರೆ. ಮಳೆಗಾಲದಲ್ಲಿ ಅದು ಕುಸಿದು, ಚರಂಡಿ ಕಟ್ಟಿಕೊಂಡು, ಕೆಸರು ನಮ್ಮ ಅಡುಗೆಮನೆಗೆ ನುಗ್ಗುತ್ತಿತ್ತು. ಧರೆ ಪೂರ್ತಿ ಗೋಡೆಯ ಮೇಲೆ ಬಿದ್ದರೆ ಏನು ಗತಿ ಎಂದು ಅಮ್ಮ ಜೋರು ಮಳೆ ಬಂದಾಗಲೆಲ್ಲ ಒಲೆ ಆರಿಸಿ ನಮ್ಮನ್ನು ಮುಂದಿನ ಕೋಣೆಗೆ ಅಟ್ಟುತ್ತಿದ್ದರು.

ಆಂಟಿಗೆ ಜರಿಗಿಡದ ಹುಚ್ಚು. ಎಣ್ಣೆ ಡಬ್ಬಗಳಿಗೆ ಕೆಂಪು ಬಣ್ಣ ಬಳಿದು, ಗಿಡ ನೆಟ್ಟು, ಮೆಟ್ಟಿಲ ಪಕ್ಕ ಜೋಡಿಸಿದ್ದರು. ಅಷ್ಟಕ್ಕೇ ಆ ಸುಣ್ಣ ಕಾಣದ ಮನೆಗೆ ಬಂಗಲೆಯ ಕಳೆ ಬಂದಿತ್ತು. "ಹೂವಿಲ್ಲ, ಹಣ್ಣಿಲ್ಲ, ಯಾಕಕ್ಕಾ ಇದು?" ಎಂದು ಅಮ್ಮ ಕಾಡಿಸಿದರೆ, "ಕಣ್ಣಿಗೆ ತಂಪಾಗಿದ್ರೆ ಸಾಲ್ದಾ ಮಾರಾಯ್ತಿ?" ಎನ್ನುತ್ತಿದ್ದರು.

ಒಮ್ಮೆ ಎಲೆಗಳ ಬೆನ್ನಲ್ಲಿ ಕಂದು ಚುಕ್ಕಿ ಕಂಡು ಆಂಟಿ ಕಂಗಾಲಾದರು. "ಹುಳ ಬಿದ್ದೋಯ್ತು ಕಣೇ, ಎಲ್ಲಾದಕ್ಕೂ ಹಬ್ಬುತ್ತೆ!" ಎಂದು ಅಳುಮುಖ ಮಾಡಿಕೊಂಡು, ಅಂಥ ಎಲೆಗಳನ್ನೆಲ್ಲ ಕತ್ತರಿಸಿ ಹಿಂದಿನ ಧರೆಗೆ ಎಸೆದರು. ಆಮೇಲೆ ಚುಕ್ಕಿ ಕಂಡಾಗಲೆಲ್ಲ ಅದೇ ಕೆಲಸ. ಅದು ಹುಳವಲ್ಲ, ಜರಿಗಿಡ ಹುಟ್ಟುವುದೇ ಆ ಚುಕ್ಕಿಯೊಳಗಿನ ಪುಡಿಯಿಂದ ಎಂದು ನಮ್ಮ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಧರೆಯ ತುಂಬ ಜರಿಗಿಡ. ಬೇರುಗಳು ಮಣ್ಣನ್ನು ಬಿಗಿಯಾಗಿ ಹಿಡಿದವು. ಕೆಸರು ಬರುವುದು ನಿಂತಿತು. ಒಂದು ದಿನ ಧೋ ಎಂದು ಮಳೆ ಸುರಿಯುತ್ತಿದ್ದರೂ ಅಮ್ಮ ಒಲೆ ಆರಿಸದೆ ದೋಸೆ ಹುಯ್ಯುತ್ತಲೇ ಇದ್ದರು. ಮಳೆ ನಿಂತ ಮೇಲೆ ಬಿಸಿ ದೋಸೆ ಹಿಡಿದು ಹೋಗಿ, "ಅಕ್ಕಾ, ನೀವು ಎಸೆದಿದ್ದೇ ನಮ್ಮನೆ ಉಳಿಸ್ತು, ನೋಡಿ ಬನ್ನಿ" ಎಂದು ಹಿತ್ತಲಿಗೆ ಕರೆತಂದರು. ಆಂಟಿ ಒಂದು ಎಲೆ ಮಗುಚಿ ನೋಡಿ, "ಅಯ್ಯೋ, ಇಲ್ಲೂ ಹುಳ!" ಎಂದು ಕತ್ತರಿ ತರಲು ಹೊರಟೇಬಿಟ್ಟರು. ಅಮ್ಮ ನಗುತ್ತ ಅವರ ಕೈ ಹಿಡಿದು ನಿಲ್ಲಿಸಿದರು.

ಈಗ ಆಂಟಿಯೂ ಇಲ್ಲ, ಅಮ್ಮನೂ ಇಲ್ಲ... ಹೆದರಿಕೆಯಿಲ್ಲದೆ ಅಡುಗೆಮನೆಯಲ್ಲಿ ಕೂತು ಉಂಡ ಆ ಮಳೆಗಾಲಗಳಿಗೆ ನಾನು ಆಂಟಿಗೆ ಋಣಿ. ಬದುಕಿದ್ದಾಗ ಹೇಳಲಾಗಲಿಲ್ಲ ಎಂಬ ಸಂಕಟವಿದೆ.

ನಮ್ಮ ಬಡಾವಣೆಯ ಹಿಂದೆ ರಸ್ತೆಗೆಂದು ಕಡಿದ ಧರೆಯೊಂದು ಬೋಳಾಗಿ ನಿಂತಿದೆ. ಮಗಳ ಕೈಯಿಂದ ಎಲೆ ಇಸಿದುಕೊಂಡು ಅಲ್ಲಿಗೆ ಹೋದೆ. ಆಂಟಿ ಹೆದರಿ ಎಸೆಯುತ್ತಿದ್ದರು. ನಾನು ಅವರನ್ನು ನೆನೆದು ಎಸೆದೆ.