ಇಸಾಕ್ ಸಾಬರ ನಾಲ್ಕು ಗಂಟೆ

ಕಳೆದ ನವೆಂಬರ್ ಹದಿನಾಲ್ಕರಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ, ಹನಕೆರೆಯ ಕರಿಯಪ್ಪನವರ ಆಲೆಮನೆಯಲ್ಲಿ, ಓಡುತ್ತಿದ್ದ ಗಾಣದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ ಇಸಾಕ್ ಸಾಬರು ಕುಳಿತಂತೆಯೇ ನಿದ್ದೆಹೋದರು. ಅವರ ಬಲಗೈ ಕಬ್ಬು ಅರೆಯುವ ರೋಲರಿನಿಂದ ಒಂದು ಗೇಣು ದೂರದಲ್ಲಿತ್ತು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ದೇವಿರಮ್ಮ ಅದನ್ನು ಕಂಡಳು. ಕೂಗಿದರೆ ಬೆಚ್ಚಿಬಿದ್ದು ಕೈಯನ್ನು ಎತ್ತ ಚಾಚುವರೋ ಎಂದು ಹೆದರಿ, ಸದ್ದಿಲ್ಲದೆ ಹೋಗಿ ಮೋಟರು ಆರಿಸಿದಳು. ಗಾಣದ ಸದ್ದು ನಿಂತದ್ದಕ್ಕೇ ಅವರಿಗೆ ಎಚ್ಚರವಾಯಿತು.

"ಯಾಕವ್ವ ನಿಲ್ಸಿದ್ದು?" ಎಂದು ಕೇಳಿದರಂತೆ.

"ನಿಮ್ ಕೈ ಬೆಲ್ಲ ಆಗ್ಬಾರ್ದು ಅಂತ," ಎಂದಳಂತೆ ದೇವಿರಮ್ಮ.

ಸುತ್ತಲಿದ್ದವರು ನಕ್ಕರು. ಕರಿಯಪ್ಪನವರು ನಗಲಿಲ್ಲ. "ಸಾಬ್ರೆ, ಇಪ್ಪತ್ತೊರ್ಸದಿಂದ ಈ ಗಾಣ ಮುಟ್ಟಕ್ಕೆ ನಿಮ್ಮನ್ನ ಬುಟ್ಟು ಇನ್ನೊಬ್ಬನ್ನ ಕರ್ದಿಲ್ಲ. ನಿಮ್ ಕೈ ಓದ್ರೆ ನಾನು ನಿಮ್ ಮನೆಯೋರಿಗೆ ಏನ್ ಯೋಳ್ಲಿ? ಈ ನಿದ್ದೆ ಬುಟ್ಟೋದ್ಮ್ಯಾಕೆ ಬನ್ನಿ. ಅಲ್ಲೀಗಂಟ ಬರ್ಬ್ಯಾಡಿ," ಎಂದರು. ಆಲೆಮನೆಗಳು ಬಿಡುವಿಲ್ಲದೆ ಓಡುವ ತಿಂಗಳುಗಳು ಅವು. ಆದರೂ ಸುದ್ದಿ ಹಬ್ಬಿ, ಒಂದು ವಾರದೊಳಗೆ ಮದ್ದೂರಿಗೂ ಮಂಡ್ಯಕ್ಕೂ ನಡುವಿನ ಯಾವ ಆಲೆಮನೆಯಿಂದಲೂ ಅವರಿಗೆ ಕರೆ ಬರುವುದು ನಿಂತುಹೋಯಿತು.

ಮದ್ದೂರಿನ ಮಳವಳ್ಳಿ ರಸ್ತೆಯ ಒಂದು ಗಲ್ಲಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಹದಿನಾರು ವರ್ಷಗಳಿಂದ ಅವರ ಗೊರಕೆಯನ್ನು ಕೇಳಿದ್ದೇನೆ. ಗೊರಕೆಯಿಂದ ನನಗೆ ಎಂದೂ ಎಚ್ಚರವಾಗಲಿಲ್ಲ. ಅದು ನಿಂತಾಗ ಆಗುತ್ತಿತ್ತು. ಒಮ್ಮೆ ಗಡಿಯಾರ ನೋಡಿ ಎಣಿಸಿದೆ: ಇಪ್ಪತ್ತೆರಡು ಸೆಕೆಂಡು ಸದ್ದಿಲ್ಲ, ಆಮೇಲೆ ನೀರಿನಿಂದ ಮೇಲೆದ್ದವರಂತೆ ಒಂದು ಏದುಸಿರು. ಅದನ್ನು ದಿನಚರಿಯಲ್ಲಿ ಬರೆದಿಟ್ಟೆನೇ ಹೊರತು ಅವರಿಗೆ ಹೇಳಲಿಲ್ಲ. ನೆರೆಯವರ ನಿದ್ದೆಯ ಮಾತೆತ್ತುವುದು ಸಭ್ಯತೆಯಲ್ಲ ಎಂದುಕೊಂಡಿದ್ದೆ.

ಇಸಾಕ್ ಸಾಬರಿಗೆ ಐವತ್ತೆರಡು. ಅವರ ತಂದೆ ಎತ್ತಿನ ಗಾಣಗಳಿಗೆ ಕಬ್ಬಿಣದ ಕೆಲಸ ಮಾಡಿದವರು. ಇವರು ಇಂಜಿನ್ನು, ಪಂಪು, ಮೋಟರು ಗಾಣಗಳ ರಿಪೇರಿ ಮಾಡುವವರು. ಪಂಪಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಕೆನ್ನೆಗೆ ನೀರು ಸವರಿಕೊಂಡು ಅದರ ಹತ್ತಿರ ಹಿಡಿಯುತ್ತಾರೆ. "ನನ್ ಕೈಗೆ ಬಂದ್ ಮ್ಯಾಕೆ ಗಾಳೀನೂ ಸೋರಲ್ಲ, ನೀರೂ ಸೋರಲ್ಲ," ಎನ್ನುವುದು ಅವರ ಹೆಮ್ಮೆಯ ಮಾತು. ಆಲೆಮನೆಯ ಕೆಲಸ ನಿಂತಮೇಲೆ ಅಂಗಡಿಯಲ್ಲಿ ಸಣ್ಣ ಪಂಪುಗಳಷ್ಟೇ ಉಳಿದವು. ಸ್ಪ್ಯಾನರನ್ನು ತೆಗೆದಿಡುವುದು, ಎತ್ತುವುದು, ಬಾಗಿಲಿಗೆ ಬಂದು ರಸ್ತೆ ನೋಡುವುದು, ಒಳಗೆ ಹೋಗುವುದು. ಹೀಗೆ ನಾಲ್ಕು ದಿನ ನೋಡಿದ ಅವರ ಹೆಂಡತಿ ಶಮೀಮ್ ಬಾನು ನಮ್ಮ ಮನೆಗೆ ಬಂದರು.

"ಅಣ್ಣ, ಇವ್ರು ದಿನಾ ನಿದ್ದೇಲಿ ಸತ್ತೋಗಿ ಮತ್ತೆ ಉಟ್ಟಿ ಬತ್ತಾರೆ. ಎಣ್ಸಿ ಎಣ್ಸಿ ನಂಗೂ ಸಾಕಾಗೈತೆ. ಯಾರ್ಗಾದ್ರೂ ತೋರ್ಸಿ."

ಮಂಡ್ಯದ ವೈದ್ಯೆಯೊಬ್ಬರು ಒಂದು ಸಣ್ಣ ಪೆಟ್ಟಿಗೆಯನ್ನು ಕೊಟ್ಟು, ಅದರ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡು ಒಂದು ರಾತ್ರಿ ಮನೆಯಲ್ಲೇ ಮಲಗಲು ಹೇಳಿದರು. ಮರುದಿನ ಲೆಕ್ಕ ತೆಗೆದರು. ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತಿತ್ತು. ಗಂಟೆಗೆ ನಲವತ್ತೊಂದು ಸಲ. ಅಷ್ಟು ಸಲವೂ ಮೆದುಳು ಅವರನ್ನು ಎಬ್ಬಿಸುತ್ತಿತ್ತು, ಅವರಿಗೆ ತಿಳಿಯದಂತೆ. ಎಂಟು ಗಂಟೆ ಮಲಗಿಯೂ ಅವರು ನಿದ್ದೆ ಮಾಡುತ್ತಿರಲಿಲ್ಲ. ಮುಖಕ್ಕೆ ಮಾಸ್ಕು ಕಟ್ಟಿ, ಕೊಳವೆಯ ಮೂಲಕ ಮೆಲ್ಲಗೆ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಯಂತ್ರವೊಂದನ್ನು ಬರೆದುಕೊಟ್ಟರು.

ಡಿಸೆಂಬರ್ ಎರಡರಂದು ಯಂತ್ರ ಮನೆಗೆ ಬಂತು. ಅದರ ಇಂಗ್ಲಿಷ್ ಪುಸ್ತಿಕೆಯನ್ನು ನಾನು ಓದಿ ಕನ್ನಡದಲ್ಲಿ ಹೇಳಿದೆ: ನೀರು ಎಲ್ಲಿ ತುಂಬಬೇಕು, ಕೊಳವೆಯನ್ನು ಹೇಗೆ ತೊಳೆಯಬೇಕು. ಮಾಸ್ಕಿನ ಮುಂದಿನ ಸಣ್ಣ ತೂತುಗಳನ್ನು ಮುಚ್ಚಬಾರದು ಎಂಬ ಸಾಲು ಹನ್ನೊಂದನೆಯ ಪುಟದಲ್ಲಿತ್ತು. ಕಾಲೇಜಿನಲ್ಲಿ ಪಾಠಕ್ಕೆ ಹೊತ್ತಾಯಿತೆಂದು ನಾನು ಒಂಬತ್ತನೆಯ ಪುಟಕ್ಕೆ ನಿಲ್ಲಿಸಿದ್ದೆ.

ಮೊದಲ ಮೂರು ರಾತ್ರಿ ಗಾಳಿ ಗಡ್ಡದ ಸಂದಿಯಿಂದ ನುಗ್ಗಿ ಕಣ್ಣಿಗೆ ಬೀಸಿತು. ಇಸಾಕ್ ಸಾಬರು ಎದ್ದು ಕುಳಿತು, ಕೆನ್ನೆಗೆ ನೀರು ಸವರಿಕೊಂಡು, ಮಾಸ್ಕಿನ ಸುತ್ತ ಸೋರಿಕೆ ಹುಡುಕಿದರು. ಮೂಗಿನ ಮುಂದೆಯೇ ಸಾಲಾಗಿ ತೂತುಗಳು; ಅಲ್ಲಿಂದ ಗಾಳಿ ಸುಯ್ಯೆಂದು ಹೊರಗೆ ಬರುತ್ತಿತ್ತು. ಐದನೆಯ ತಾರೀಕು ಅಂಗಡಿಯಿಂದ ಗ್ಯಾಸ್ಕೆಟ್ ಪೇಸ್ಟು ತಂದು, ಒಂದು ಸೂಜಿಯ ತುದಿಯಿಂದ, ಬಹಳ ಅಚ್ಚುಕಟ್ಟಾಗಿ ಅಷ್ಟನ್ನೂ ಮುಚ್ಚಿದರು.

ಆಮೇಲಿನ ನಾಲ್ಕು ರಾತ್ರಿಗಳನ್ನು ಗೋಡೆಯ ಈಚೆಯಿಂದ ನಾನೂ ಕೇಳಿದೆ. ಯಂತ್ರದ ಸಣ್ಣ ಗುಂಯ್‌ಗುಟ್ಟು, ಅರ್ಧ ಗಂಟೆಗೆಲ್ಲ ಮಾಸ್ಕು ಕಿತ್ತೆಸೆದ ಸದ್ದು, ಓಡಾಟ, ಬಾಗಿಲು ತೆರೆದದ್ದು, ಮತ್ತೆ ಗುಂಯ್‌ಗುಟ್ಟು. ಬೆಳಗ್ಗೆ ತಲೆ ಸಿಡಿಯುವಷ್ಟು ನೋವು. ಒಂಬತ್ತರಂದು ಯಂತ್ರ ಬೀರುವಿನ ಮೇಲೆ ಹೋಗಿ ಕುಳಿತಿತು.

"ಮಿಸನ್ನೇ ಸರಿ ಇಲ್ಲ ಮೇಷ್ಟ್ರೆ," ಎಂದರು. "ಒಂದ್ ಚೂರೂ ಸೋರ್ದಂಗೆ ಮಾಡಿವ್ನಿ. ಆದ್ರೂ ಬಾವಿಗೆ ತಳ್ದಂಗಾಯ್ತದೆ."

ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಶಮೀಮ್ ಬಾನು ಒಳಗಿನಿಂದಲೇ ಕೂಗಿದರು: "ಬೀರು ಮ್ಯಾಲೆ ಮಡ್ಗಿದ್ರೆ ಬೀರೂದು ಗೊರಕೆ ನಿಂತದೆ. ನಿಮ್ದು ನಿಂತದಾ? ಮಂಡ್ಯಕ್ಕೆ ತಕ್ಕೊಂಡೋಗಿ ಕೇಳಿ!"

ಹನ್ನೊಂದರಂದು ಇಬ್ಬರೂ ಮಂಡ್ಯಕ್ಕೆ ಹೋದೆವು. ಯಂತ್ರಗಳನ್ನು ನೋಡಿಕೊಳ್ಳುವ ಹುಡುಗಿ ಅರ್ಪಿತ ಮಾಸ್ಕನ್ನು ಬೆಳಕಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು.

"ಇದನ್ನ ಯಾರು ಮುಚ್ಚಿದ್ದು?"

"ನಾನೇ ಕಣಮ್ಮ. ಸೋರ್ತಿತ್ತು."

"ಅದು ಸೋರೋದಲ್ಲ ಸಾರ್. ನೀವು ಬಿಟ್ಟ ಉಸಿರು ಆಚೆ ಹೋಗೋ ದಾರಿ. ಅದನ್ನ ಮುಚ್ಚಿದ್ರೆ ಬಿಟ್ಟ ಉಸಿರನ್ನೇ ವಾಪಸ್ ಎಳ್ಕೋತೀರ. ನಾಲ್ಕು ದಿನ ಹೀಗೇ ಮಲಗಿದ್ರಾ? ದೇವ್ರು ದೊಡ್ಡೋನು."

ಇಸಾಕ್ ಸಾಬರು ಮಾಸ್ಕನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಿವಿ ಕೆಂಪಾಗಿತ್ತು.

"ಸೈಲೆನ್ಸರ್‌ಗೆ ಬಟ್ಟೆ ತುರುಕ್ಬುಟ್ಟು ಇಂಜಿನ್ ಸರಿ ಇಲ್ಲ ಅಂದಂಗಾಯ್ತು," ಎಂದರು. "ನನ್ ಅಂಗ್ಡೀಲಿ ಯಾವನಾದ್ರೂ ಇಂಗ್ ಮಾಡಿದ್ರೆ ಕಪಾಳಕ್ಕೆ ಬಿಡ್ತಿದ್ದೆ."

"ನಾನು ಬೇರೆ ಮಾಸ್ಕ್ ಕೊಡ್ತೀನಿ, ಸಾಕಲ್ವಾ?" ಎಂದಳು ಅರ್ಪಿತ.

ನಿಜವಾದ ಸೋರಿಕೆ ಇದ್ದದ್ದು ಗಡ್ಡದ ಅಂಚಿನಲ್ಲಿ. ಅವಳು ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ಚಿಕ್ಕ ಮಾಸ್ಕೊಂದನ್ನು ಆರಿಸಿಕೊಟ್ಟಳು. ಗಾಳಿಯ ಒತ್ತಡ ಮೊದಲು ಕಡಿಮೆಯಿದ್ದು ನಿಧಾನವಾಗಿ ಏರುವಂತೆ ಮಾಡಿದಳು. ಹಗಲು ಎಚ್ಚರವಿದ್ದಾಗ ಒಂದೊಂದು ಗಂಟೆ ಹಾಕಿಕೊಂಡು ಕುಳಿತು ಅಭ್ಯಾಸ ಮಾಡಿಕೊಳ್ಳಲು ಹೇಳಿದಳು. ಮೂಗು ಒಣಗದಿರಲು ಯಂತ್ರದ ತೊಟ್ಟಿಗೆ ಬಟ್ಟಿ ಇಳಿಸಿದ ಶುದ್ಧ ನೀರು ಹಾಕಬೇಕೆಂದಾಗ ಇವರು ಕೇಳಿದರು: "ಬ್ಯಾಟ್ರಿ ನೀರು ಆಗ್ತದಾ? ಅಂಗ್ಡೀಲಿ ಕ್ಯಾನ್ ಗಟ್ಲೆ ಐತೆ."

"ನೀವು ಅಂಗಡಿಯಿಂದ ಏನೂ ತರಬೇಡಿ ಸಾರ್," ಎಂದು ಅವಳು ಕೈಮುಗಿದಳು. "ನೀರನ್ನ ಮೆಡಿಕಲ್ ಸ್ಟೋರಲ್ಲಿ ತಗೊಳ್ಳಿ."

ವೈದ್ಯೆಯ ಮಾತು ಇನ್ನೂ ನೇರವಾಗಿತ್ತು. ಇಡೀ ರಾತ್ರಿ ಹಾಕಿಕೊಳ್ಳುವುದೇ ಗುರಿ. ಎಷ್ಟು ಹೊತ್ತು ಹಾಕಿಕೊಂಡಿರೆಂದು ಯಂತ್ರವೇ ಬರೆದಿಡುತ್ತದೆ. ನಾಲ್ಕು ಗಂಟೆಗೆ ಕಡಿಮೆಯಾದ ರಾತ್ರಿಯನ್ನು ತಾವು ರಾತ್ರಿಯೆಂದು ಎಣಿಸುವುದಿಲ್ಲ ಎಂದರು. ಒಂದು ತಿಂಗಳ ಬರಹ ನೋಡುವವರೆಗೆ ಸ್ಕೂಟರೂ ಬೇಡ, ಓಡುವ ಯಂತ್ರದ ಹತ್ತಿರ ಹೋಗುವುದೂ ಬೇಡ.

ಆ ತಿಂಗಳು ಅವರು ಒಂದು ಕಡೆ ಕೂತದ್ದು ಮಾಸ್ಕು ಹಾಕಿಕೊಂಡಾಗ ಮಾತ್ರ. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಧ್ಯಾಹ್ನ ಮೂರರಿಂದ ನಾಲ್ಕು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಕಾಲು ಕುಣಿಸುತ್ತ.

"ಏನ್ ಸಾಬ್ರೆ, ಆಕಾಸಕ್ಕೆ ಓಯ್ತಿದ್ದೀರಾ?" ಎಂದು ದಾರಿಹೋಕನೊಬ್ಬ ಕೇಳಿದ.

"ಊಂ ಕಣ್ಲಾ. ಹಿಂದ್ಗಡೆ ಸೀಟು ಖಾಲಿ ಐತೆ, ಬತ್ತೀಯಾ?"

ಪ್ರತಿದಿನ ಬೆಳಗ್ಗೆ ನಮಾಜು ಮುಗಿಸಿ ಬಂದವರು ಹಿತ್ತಿಲ ಗೋಡೆಯ ಮೇಲಿನಿಂದ, ಯಂತ್ರ ತೋರಿಸಿದ ಗಂಟೆ-ನಿಮಿಷದ ಸಂಖ್ಯೆ ಹೇಳುತ್ತಿದ್ದರು: ಎರಡು ಹತ್ತು, ಮೂರು ನಲವತ್ತು, ಎರಡು ಐವತ್ತೈದು. ನಾನು ಬರೆದುಕೊಳ್ಳುತ್ತಿದ್ದೆ. ಮೊದಲ ಸಲ ನಾಲ್ಕು ದಾಟಿದ್ದು ಡಿಸೆಂಬರ್ ಹತ್ತೊಂಬತ್ತಕ್ಕೆ. ಇಪ್ಪತ್ಮೂರಕ್ಕೆ ಒಂದು ಗಂಟೆ ಹದಿನೈದು ನಿಮಿಷ, ಏಕೆಂದರೆ ಕರೆಂಟು ಹೋಗಿತ್ತು. ಮರುದಿನವೇ ಅಂಗಡಿಯ ಯುಪಿಎಸ್ ತಂದು ಮಂಚದ ಕೆಳಗೆ ಕೂರಿಸಿದರು. ಗೋಡೆಯಾಚೆ ಗೊರಕೆ ನಿಂತುಹೋಯಿತು. ಆ ಹೊಸ ನಿಶ್ಶಬ್ದಕ್ಕೆ ನಾನು ಕೆಲವು ರಾತ್ರಿ ಎಚ್ಚರವಾಗಿ, ಯಂತ್ರದ ಸದ್ದು ಕಿವಿಗೆ ಬೀಳುವವರೆಗೆ ಕಾದು ಮಲಗಿದೆ.

ಜನವರಿ ಹದಿನೇಳರಂದು ವೈದ್ಯೆ ಬರಹವನ್ನು ನೋಡಿದರು. ಕೊನೆಯ ಒಂದು ತಿಂಗಳಲ್ಲಿ ಸರಾಸರಿ ಐದು ಗಂಟೆ. ನಾಲ್ಕಕ್ಕಿಂತ ಕೆಳಗಿಳಿದ ರಾತ್ರಿಗಳು ಆರು. ಹಗಲಿನ ತೂಕಡಿಕೆಯೂ ನಿಂತಿತ್ತು. ಕೆಲಸಕ್ಕೆ ಹೋಗಬಹುದೆಂದು ಪತ್ರ ಬರೆದುಕೊಟ್ಟು, ಒಂದು ಮಾತು ಸೇರಿಸಿದರು: ಕೆಟ್ಟ ರಾತ್ರಿಯ ಮರುದಿನ ಗಾಣದ ಹತ್ತಿರ ಹೋಗಬಾರದು. ಅದನ್ನು ನೋಡಿಕೊಳ್ಳಬೇಕಾದವರು ನೀವೇ.

ಅಂದೇ ಅವರು ಹನಕೆರೆಗೆ ಹೋಗಿ ಪತ್ರ ತೋರಿಸಿದರು. ಕರಿಯಪ್ಪನವರು ಓದಿ, ಮಡಿಸಿ ಹಿಂದಿರುಗಿಸಿ, "ಕೆಲ್ಸ ಬಂದ್ರೆ ಕರೀತೀನಿ," ಎಂದಷ್ಟೇ ಅಂದರು. ಹನ್ನೆರಡು ದಿನ ಕರೆಯಲಿಲ್ಲ. ಇಸಾಕ್ ಸಾಬರು ಕೆಡದ ಪಂಪೊಂದನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದರು. ಫೋನು ಸತ್ತಿದೆಯೇ ಎಂದು ನೋಡಲು ನನ್ನಿಂದ ಎರಡು ಸಲ ಕರೆ ಮಾಡಿಸಿದರು.

ಜನವರಿ ಮೂವತ್ತರ ಬೆಳಗ್ಗೆ ಅವರಿಗೆ ನೆಗಡಿಯಾಗಿ ಎರಡು ದಿನವಾಗಿತ್ತು. ಮೂಗು ಕಟ್ಟಿ ಮಾಸ್ಕು ನಿಂತಿರಲಿಲ್ಲ. ಆ ದಿನದ ಸಂಖ್ಯೆ ಒಂದು ಐವತ್ತು. ಏಳೂವರೆಗೆ, ನಾನು ಕಾಲೇಜಿಗೆ ಹೊರಡುವಾಗ, ಬಾಗಿಲಲ್ಲಿ ನಿಂತಿದ್ದ ಅವರ ಫೋನು ಬಡಿದುಕೊಂಡಿತು. ಕರಿಯಪ್ಪನವರ ದನಿ ನನಗೂ ಕೇಳಿಸಿತು.

"ಸಾಬ್ರೆ, ರೋಲರ್ ಬೇರಿಂಗ್ ಓಗ್ಬುಟ್ಟದೆ. ಕೊಪ್ಪರಿಗೆ ಅರ್ಧ ತುಂಬ್ಕಂಡದೆ, ಕಡ್ದಿರೋ ಕಬ್ಬು ಬಿಸ್ಲಲ್ಲಿ ಬಿದ್ದದೆ. ಈಗ್ಲೇ ಒಲ್ಡಿ!"

ಇಸಾಕ್ ಸಾಬರು ಚೀಲ ತೆಗೆದುಕೊಳ್ಳಲು ಒಳಗೆ ತಿರುಗಿದವರು, ಹೊಸ್ತಿಲಲ್ಲೇ ನಿಂತರು.

"ನಾಳೆ ಬತ್ತೀನಿ ಕರಿಯಪ್ಪೋರೆ."

"ನಾಳೆ? ನಾಳೆ ಬಂದು ಉಳಿ ಬಂದಿರೋ ಕಬ್ಬಿನಾಲು ಕುಡೀತೀರಾ? ಮೊನ್ನೆ ಕಾಗ್ದ ಇಡ್ಕೊಂಡು ಓಡ್ಬಂದ್ರಲ್ಲ, ಈಗೇನ್ ದೊಡ್ಸ್ತನ?"

"ರಾತ್ರಿ ನಿದ್ದೆ ಆಗಿಲ್ಲ. ನಾಳೆ ಬತ್ತೀನಿ."

ಆಚೆ ಕಡೆ ಫೋನು ಕಡಿಯಿತು. ಶಮೀಮ್ ಬಾನು ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಈ ಫೋನೇ ಕಾಯ್ತಿದ್ರಲ್ಲ! ಓಗಿ ದೂರ ನಿಂತು ಯೋಳ್ಕೊಡಿ, ಆಗಲ್ವಾ?"

"ಗಾಣ ಕಂಡ್ರೆ ನಾನು ದೂರ ನಿಂತ್ಕೊಳ್ಳೋನಾ? ನಿಂಗೊತ್ತಿಲ್ವಾ?" ಎಂದರು. ಆಕೆ ಸೌಟಿನೊಂದಿಗೆ ಒಳಗೆ ಹೋದರು.

ಸಂಜೆ ನಾನು ಹಿಂದಿರುಗಿದಾಗ ಅವರ ಬಾಗಿಲಲ್ಲಿ ಕರಿಯಪ್ಪನವರ ಬೈಕಿತ್ತು. ಜಗಳವಾಗುತ್ತದೆಂದು ಒಳಗೆ ಹೋದೆ. ಕರಿಯಪ್ಪನವರು ಮಂಚದ ಪಕ್ಕ ನಿಂತು ಯಂತ್ರದ ಪರದೆಯನ್ನು ಬಗ್ಗಿ ನೋಡುತ್ತಿದ್ದರು.

"ಒಂದು ಐವತ್ತು," ಎಂದು ಓದಿದರು. "ಇದ್ನ ನೀವಾಗೇ ಯೋಳ್ದೆ ಇದ್ದಿದ್ರೆ ನಂಗೆಂಗೆ ಗೊತ್ತಾಯ್ತಿತ್ತು?"

"ಗೊತ್ತಾಯ್ತಿರ್ಲಿಲ್ಲ."

ಕರಿಯಪ್ಪನವರು ಕುಳಿತರು. ಶಮೀಮ್ ಬಾನು ಕೊಟ್ಟ ಟೀಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಮಂಡ್ಯದ್ ಮೆಕ್ಯಾನಿಕ್ಕು ನಾಳೆ ಒಂಬತ್ತಕ್ಕೆ ಬತ್ತೀನಿ ಅಂದವ್ನೆ. ನೀವು ಏಳಕ್ಕೆ ಬಂದ್ರೆ ಅವನ್ಗೆ ಬ್ಯಾಡ ಅಂತೀನಿ. ಏಳೂ ಕಾಲಾದ್ರೆ ಅವನೇ," ಎಂದು ಎದ್ದುಹೋದರು.

ಆ ರಾತ್ರಿ ಅವರು ಎಂಟಕ್ಕೇ ಮೂಗಿಗೆ ಹಬೆ ಹಿಡಿದು, ಡಾಕ್ಟರು ಫೋನಿನಲ್ಲಿ ಹೇಳಿದ ಉಪ್ಪುನೀರಿನ ಹನಿ ಹಾಕಿಕೊಂಡು ಮಲಗಿದರು. ಯಂತ್ರ ಶುರುವಾಯಿತು, ಕೆಮ್ಮು ಬಂತು, ನಿಂತಿತು, ಮತ್ತೆ ಶುರುವಾಯಿತು. ಹತ್ತಕ್ಕೆ ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಬೆಳಗ್ಗೆ ಐದೂ ಮುಕ್ಕಾಲಿಗೆ ಗೇಟಿನ ಬಳಿ ನಿಂತಿದ್ದರು, ಹೆಗಲಲ್ಲಿ ಸ್ಪ್ಯಾನರ್ ಚೀಲ. "ನಾಲ್ಕು ಇಪ್ಪತ್ತೈದು," ಎಂದರು. ಸ್ಕೂಟರ್ ಮುಟ್ಟದೆ ಬಸ್ಸಿಗೆ ನಡೆದರು.

ಕತ್ತಲಾಗುವ ಹೊತ್ತಿಗೆ ಹಿಂದಿರುಗಿದರು. ಮೊದಲು ಮೋಟರಿನ ತಂತಿ ಬಿಚ್ಚಿಸಿ, ಬೇರಿಂಗ್ ಬದಲಿಸಿ, ಹನ್ನೊಂದಕ್ಕೆ ಗಾಣ ಓಡಿಸಿದರಂತೆ. ಕರಿಯಪ್ಪನವರು ಏನೆಂದರು ಎಂದು ಕೇಳಿದೆ.

"ಏನೂ ಅನ್ನಿಲ್ಲ. ಗಾಣ ಓಡ್ತಿದ್ದಷ್ಟೊತ್ತೂ ಗಾಣ ನೋಡ್ಲಿಲ್ಲ ಮೇಷ್ಟ್ರೆ, ನನ್ ಕಣ್ಣೇ ನೋಡ್ತಿದ್ರು."

"ನೀವು?"

"ಎಲ್ಲಿ ಮುಚ್ಕೊತದೋ ಅಂತ ನಾನೂ ಅದ್ನೇ ಕಾಯ್ತಿದ್ದೆ," ಎಂದು, ಚೀಲ ಇಳಿಸದೆ, ಮೂಗು ಬಿಡಿಸಿಕೊಳ್ಳಲು ಹಬೆಗೆ ನೀರಿಡುವಂತೆ ಹೆಂಡತಿಯನ್ನು ಕೂಗಿದರು.