ಕೈಗೇ ಕೊಡಬೇಕೆಂದ ವೋಟು

ಐವತ್ತೇಳರ ಚುನಾವಣೆಗೆ ಶಿಕಾರಿಪುರದ ಮೇಷ್ಟ್ರಾಗಿದ್ದ ನನ್ನನ್ನು ಸೊರಬದ ಕಡೆಯ ಒಂದು ಹಳ್ಳಿಯ ಮತಗಟ್ಟೆಗೆ ಹಾಕಿದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಒಬ್ಬ ಅಜ್ಜಿ ಒಳಗೆ ಹೋಗಿ, ಚೀಟಿಯನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದರು.

“ಯಾಕಜ್ಜಿ, ಹಾಕ್ಲಿಲ್ವಾ?”

“ಮನೆಗೆ ಬಂದು ಕೈಮುಗಿದು ಕೇಳಿದ್ದು ಅವರು, ಪೆಟ್ಟಿಗೆಯಲ್ಲ. ಅವರೇ ಬರ್ಲಿ, ಕೈಗೇ ಕೊಡ್ತೀನಿ. ಮಳೆಗಾಲದಲ್ಲಿ ಹಳ್ಳ ದಾಟೋಕಾಗಲ್ಲ, ಒಂದು ಸೇತುವೆ ಮಾಡಿಸಿ ಅಂತ್ಲೂ ಹೇಳೋದಿದೆ.”

“ಕೈಗೆ ಕೊಡೋ ಹಾಗಿಲ್ಲ ಅಜ್ಜಿ, ಕಾನೂನು. ಗೆದ್ದಮೇಲೆ ಬಂದೇ ಬರ್ತಾರೆ, ಆಗ ಹೇಳಿ” ಎಂದೆ. ಅಜ್ಜಿ ಒಲ್ಲದ ಮನಸ್ಸಿನಿಂದ ಹೋಗಿ ಹಾಕಿ ಬಂದರು.

ಅವರು ಹಾಕಿದ್ದು ಯಾರಿಗೋ, ನನಗೆ ಗೊತ್ತಿಲ್ಲ. ಶಾಸಕರಾದವರಂತೂ ಮುಂದಿನ ಚುನಾವಣೆಯವರೆಗೆ ಆ ಕಡೆ ಸುಳಿಯಲಿಲ್ಲವಂತೆ. ಚೀಟಿ ಅಜ್ಜಿಯ ಕೈಯಲ್ಲೇ ಇದ್ದಿದ್ದರೆ ಬರುತ್ತಿದ್ದರೇನೋ.